ಗುರುವಾರದ ಹನ್ನೊಂದು ಗಂಟೆ

ಅವರ ಬೆರಳುಗಳ ಸಂದಿಯಲ್ಲಿ ಸದಾ ಕೆಂಪು ಇರುತ್ತಿತ್ತು. ಮೆಹಂದಿಯಲ್ಲ, ಅದಿರಿನ ಧೂಳು. ಗಣಿಗಾರಿಕೆ ಜೋರಾಗಿದ್ದ ಆ ವರ್ಷಗಳಲ್ಲಿ ಬಳ್ಳಾರಿಯ ಪಾರ್ವತಿನಗರದ ಅವರ ಮನೆಯ ಮುಂದಿನ ಕೋಣೆಗೂ ಧೂಳು ನುಗ್ಗುತ್ತಿತ್ತು. ಬಂದವರು ಕೂರುವ ಮೊದಲು ಕುರ್ಚಿಯನ್ನು ಅವರು ತಾವೇ ಒದ್ದೆ ಬಟ್ಟೆಯಿಂದ ಒರೆಸಿಕೊಡುತ್ತಿದ್ದರು. ಅವರು ಆಪ್ತಸಮಾಲೋಚಕಿ. ನಾನು ಮೇಡಂ ಎನ್ನುತ್ತಿದ್ದೆ.

ನಾನು ಸಿರುಗುಪ್ಪದವನು, ಅದಿರಿನ ಲಾರಿ ಓಡಿಸುತ್ತಿದ್ದೆ. ಒಂದು ದಿನ ಮುಂದಿನ ಲಾರಿ ಉರುಳಿ, ಅದನ್ನು ಓಡಿಸುತ್ತಿದ್ದ ಕೆಂಚನಗುಡ್ಡದ ನನ್ನ ಗೆಳೆಯ ಹೋಗಿಬಿಟ್ಟ. ಆಮೇಲೆ ಸ್ಟೇರಿಂಗ್ ಮುಟ್ಟಿದರೆ ಸಾಕು, ಕೈಗಳು ನಡುಗುತ್ತಿದ್ದವು. ನನಗೆ ಬೇರೆ ಕೆಲಸ ಗೊತ್ತಿರಲಿಲ್ಲ. ತಾಯಿತ, ಹರಕೆ ಎಲ್ಲ ಮುಗಿದ ಮೇಲೆ ಒಬ್ಬ ಡಾಕ್ಟರು ಇವರ ಹತ್ತಿರ ಕಳಿಸಿದರು.

ಮೊದಲ ದಿನ ಹೆಂಡತಿಯನ್ನೂ ಕುರುಗೋಡಿನ ಮಾವನನ್ನೂ ಕಟ್ಟಿಕೊಂಡು ಹೋದೆ. ತಲೆಯ ಪರೀಕ್ಷೆ ಎಂದರೆ ಖಾಲಿ ಹೊಟ್ಟೆಯಲ್ಲೇ ಹೋಗಬೇಕೆಂದು ಮಾವನ ಅಪ್ಪಣೆ, ನೀರೂ ಕುಡಿದಿರಲಿಲ್ಲ. ಮೇಡಂ ಕೇಳಿದ್ದಕ್ಕೆಲ್ಲ ಮಾವನೇ ಉತ್ತರ ಕೊಟ್ಟರು. ಮೇಡಂ ಸ್ವಲ್ಪ ಹೊತ್ತು ಕೇಳಿ, ಅವರಿಬ್ಬರನ್ನು ಹೊರಗಿನ ಕಟ್ಟೆಯ ಮೇಲೆ ಕೂರಿಸಿದರು. ನಾನು ಏನೂ ತಿಂದಿಲ್ಲವೆಂದು ತಿಳಿದು ಮೂಲೆಯ ಹೋಟೆಲಿಗೆ ಅಟ್ಟಿ, ನಾನು ಒಗ್ಗಾಣಿ, ಮಿರ್ಚಿ ತಿಂದು ಬಂದ ಮೇಲೆಯೇ ಮಾತು ಶುರು ಮಾಡಿದರು.

"ಇಲ್ಲಿ ರಕ್ತ ತೆಗಿಯಂಗಿಲ್ರಿ, ಮಾತು ಅಷ್ಟ. ವಾರಕ್ಕ ಒಂದು ತಾಸು, ಅದು ನಿಮ್ಮದು. ಸುಮ್ನ ಕುಂತ್ರೂ ನಡೀತೈತಿ. ಹೇಳಿದ್ದು ಈ ಬಾಗ್ಲಾ ದಾಟಂಗಿಲ್ಲ. ಯಾರದರ ಜೀವಕ್ಕ ಅಪಾಯ ಕಂಡ್ರ ಮಾತ್ರ ನಾ ಸುಮ್ನಿರಂಗಿಲ್ಲ."

ಗುರುವಾರ ಹನ್ನೊಂದಕ್ಕೆ ಎಂದು ನಿಗದಿಯಾಯಿತು. ಮೂರು ವಾರ ಟೈರು, ರಸ್ತೆ, ಬಿಸಿಲು ಎಂದು ಹರಟಿದೆ. ನಾಲ್ಕನೆಯ ವಾರ ತಡೆಯಲಾರದೆ, ಲಾರಿ ಬಿಡಬೇಕೋ ಹಿಡಿಯಬೇಕೋ ನೀವೇ ಹೇಳಿಬಿಡಿ ಎಂದೆ.

"ನಾ ಹೇಳಿದ್ರ ಸ್ಟೇರಿಂಗ್ ನನ್ನ ಕೈಗೆ ಕೊಟ್ಟಂಗಾತು. ನನಗ ಸೈಕಲ್ಲೂ ಬರಂಗಿಲ್ರಿ."

ನನಗೆ ಸಿಟ್ಟು ನೆತ್ತಿಗೇರಿತು. ಇಷ್ಟಕ್ಕೆ ಬಸ್ಸು ಹತ್ತಿ ಇಲ್ಲಿಯವರೆಗೆ ಬರಬೇಕಿತ್ತೇ ಎಂದು ಎದ್ದು ಬಂದೆ. ಎರಡು ಗುರುವಾರ ಹೋಗಲಿಲ್ಲ. ಆದರೆ ಹೊರೆಯನ್ನು ಅರ್ಧ ದಾರಿಯಲ್ಲಿ ಇಳಿಸಿದವನಲ್ಲ ನಾನು. ಮೂರನೆಯ ಗುರುವಾರ ಹಠ ಹಿಡಿದು ಹೋದೆ. ಕುರ್ಚಿ ಒರೆಸಿಟ್ಟು ಅವರೊಬ್ಬರೇ ಕೂತಿದ್ದರು. ಯಾರಾದರೂ ಬರುವವರಿದ್ದಾರೆಯೇ ಎಂದು ಕೇಳಿದೆ.

"ನಿಮ್ಮ ಹೊತ್ತಲ್ಲೇನ್ರಿ ಇದು? ಹೋದ ಎರಡು ವಾರಾನೂ ಹಿಂಗ ಕುಂತಿದ್ದೆ."

ಆ ದಿನ ಹೇಳಿದೆ. ಗೆಳೆಯನ ಲಾರಿ ಉರುಳಿದ ದಿನ ಇಳಿಜಾರಿನಲ್ಲಿ ಹಿಂದಿನಿಂದ, ಬೇಗ ಹೋಗೆಂದು ಬಿಡದೆ ಹಾರ್ನ್ ಹೊಡೆದವನು ನಾನು. ಹೆಂಡತಿಗೂ ಹೇಳಿರದ ಮಾತು. ನಿಮ್ಮ ತಪ್ಪಲ್ಲ ಎಂದು ಮೇಡಂ ಸಮಾಧಾನ ಮಾಡಲಿಲ್ಲ, ತಪ್ಪು ಎಂದೂ ಅನ್ನಲಿಲ್ಲ. ಮೊದಲಿಂದ, ನಿಧಾನವಾಗಿ ಇನ್ನೊಮ್ಮೆ ಹೇಳಲು ಕೇಳಿದರು. ವಾರಗಟ್ಟಲೆ ಅಳುತ್ತ ಹೇಳಿದೆ. ಪೂರ್ತಿ ಹೇಳಿ ಮುಗಿಸಲು ಸಾಧ್ಯವಾದಾಗ ಹೆಂಡತಿಗೂ ಹೇಳಿದೆ. ಆ ಗೆಳೆಯನ ಮನೆಗೂ ಹೋಗಿ ಬಂದೆ.

ಎಂಟು ತಿಂಗಳಿಗೆ ಸ್ಟೇರಿಂಗ್ ಹಿಡಿದೆ. ಅದಿರು ಬೇಡ, ಸಿರುಗುಪ್ಪದ ಮಿಲ್ಲಿಗೆ ಭತ್ತ ಹೊರುವ ಲಾರಿ. ಅದು ನನ್ನದೇ ತೀರ್ಮಾನ.

ಮೇಡಂ ತೀರಿಕೊಂಡ ಸುದ್ದಿ ಬಂದಾಗ ಆ ಲಾರಿಯನ್ನೇ ಓಡಿಸಿಕೊಂಡು ಬಳ್ಳಾರಿಯ ಖಬರಸ್ತಾನಕ್ಕೆ ಹೋಗಿ ಹಿಡಿಮಣ್ಣು ಹಾಕಿದೆ. ಈಗಲೂ ಗುರುವಾರ ಹನ್ನೊಂದಕ್ಕೆ ಎಲ್ಲಿದ್ದರೂ ಲಾರಿಯನ್ನು ರಸ್ತೆ ಬದಿಗೆ ಹಾಕಿ, ಸೀಟು ಒರೆಸಿ, ಸುಮ್ಮನೆ ಕೂರುತ್ತೇನೆ. ಮಾಲು ತಡವಾಯಿತೆಂದು ಮಿಲ್ಲಿನವರು ಫೋನ್ ಮಾಡುತ್ತಾರೆ. ಮಾಡಲಿ. ಆ ಒಂದು ತಾಸು ನನ್ನದು.