ಗೊಬ್ಬರದ ಹಗೇವಿಗೆ ಇಳಿಸಿದ ಕೋಳಿ

೧೯೪೩ರ ಬೇಸಿಗೆ. ಯಲಬುರ್ಗಾದ ದನದ ದವಾಖಾನೆಯಲ್ಲಿ ನಾನು ಕಿರಿಯ ಸಲೋತ್ರಿ. ಪಶುವೈದ್ಯನನ್ನು ನಮ್ಮ ಸೀಮೆಯಲ್ಲಿ ಹಾಗೆಂದೇ ಕರೆಯುತ್ತಾರೆ. ಆಗ ನನಗೆ ಇಪ್ಪತ್ನಾಲ್ಕು. ಐದೇ ವರ್ಷದ ಹಿಂದಿನದನ್ನು 'ಅನುಭವ' ಎಂದು ಬರೆಯುವುದು ಅಧಿಕಪ್ರಸಂಗ ಎನ್ನುವವರಿದ್ದಾರೆ. ಎನ್ನಲಿ. ಹೈದರಾಬಾದಿನ ಹಾಸ್ಟೆಲಿನ ಚರ್ಚಾಕೂಟದಲ್ಲಿ ಪಳಗಿದವನು ನಾನು. ಪುರಾವೆ ಕೇಳುವುದು ನನ್ನ ಚಾಳಿ. ಅದರಿಂದ ದನಗಳಿಗೆ ಎಂದೂ ತೊಂದರೆಯಾಗಲಿಲ್ಲ, ದನಗಳ ಒಡೆಯರಿಗೆ ಆಯಿತು.

ಬೇವೂರಿನ ಆಚೆಯ ಒಂದು ಹಳ್ಳಿಯಲ್ಲಿ ಶಂಕರಗೌಡರದು ದೊಡ್ಡ ದನದ ಹಟ್ಟಿ. ಎತ್ತು, ಆಕಳು, ಎಮ್ಮೆ ಸೇರಿ ನಲವತ್ತರ ಮೇಲೆ. ಹಟ್ಟಿಯ ಮೂಲೆಯಲ್ಲಿ ಹಳೆಯ ಹಗೇವು ಇತ್ತು. ಹಗೇವು ಎಂದರೆ ಜೋಳ ತುಂಬಿಡಲು ನೆಲದಲ್ಲಿ ತೋಡಿದ ಗುಂಡಿ: ಒಬ್ಬ ಮನುಷ್ಯ ಹಿಡಿಸುವಷ್ಟು ಬಾಯಿ, ಒಳಗೆ ಕೋಣೆಯಷ್ಟು ಹೊಟ್ಟೆ. ಇದರೊಳಗೆ ನೀರು ಇಳಿದು ಜೋಳ ಕೆಟ್ಟದ್ದರಿಂದ ಗೌಡರು ಹಟ್ಟಿಯ ಸಗಣಿ, ಗಂಜಳವೆಲ್ಲ ಅದರೊಳಕ್ಕೆ ಹರಿಯುವಂತೆ ಕಾಲುವೆ ಮಾಡಿಸಿದ್ದರು. ಹನ್ನೆರಡು ಅಡಿ ಆಳ, ಮೇಲೊಂದು ಬಂಡೆ.

ಆ ಬಂಡೆ ಸರಿದು ಎಮ್ಮೆಯ ಕರುವೊಂದು ಒಳಗೆ ಬಿದ್ದು ಸತ್ತಾಗ ನನ್ನನ್ನು ಕರೆಸಿದರು. ಗುಂಡಿಯನ್ನೇ ಮುಚ್ಚಿಬಿಡಿ ಎಂದವನು ನಾನು. ಇದನ್ನು ಮರೆಮಾಚುವುದಿಲ್ಲ, ಏಕೆಂದರೆ ಮುಂದೆ ಒಬ್ಬ ಮನುಷ್ಯ ಸಾವಿನ ಬಾಯಿಗೆ ಬಂದು ನಿಂತದ್ದು ಆ ನನ್ನ ಮಾತಿನಿಂದಲೇ. ಗೌಡರು ಒಪ್ಪಿದರು, ಆದರೆ ತಳದ ಗೊಬ್ಬರ ಬಿಡಲು ಒಪ್ಪಲಿಲ್ಲ. "ಗೊಬ್ಬರದ ಮ್ಯಾಲ ಮಣ್ಣು ಎಳೆಯೂದಂದ್ರ ಲಕ್ಷ್ಮೀನ್ನ ಜೀವಂತ ಹುಗಿದಂಗ ಆಗ್ತೈತಿ. ದುರುಗಪ್ಪ ಇಳಿದು ತುಂಬಿ ಕೊಡ್ತಾನ. ಆಮ್ಯಾಲ ಮುಚ್ಚೂಣು."

ಮರುವಾರ ನಾನು ಹೋದಾಗ ದುರುಗಪ್ಪ ಸೊಂಟಕ್ಕೆ ಹಗ್ಗ ಬಿಗಿಯುತ್ತಿದ್ದ. ಐವತ್ತರ ಆಸುಪಾಸಿನವನು, ಸುತ್ತಲಿನ ಊರುಗಳಲ್ಲಿ ಹಗೇವು ತೆಗೆಯಬೇಕಾದರೆ ಅವನೇ ಬರಬೇಕು. ಹೆಂಡತಿ ಫಕೀರವ್ವ ಬುಟ್ಟಿ ಹಿಡಿದು ನಿಂತಿದ್ದಳು. ದುರುಗಪ್ಪ ಕಂದೀಲನ್ನು ಹಗ್ಗದಲ್ಲಿ ಕೆಳಗೆ ಬಿಟ್ಟ. ಜೋಳದ ಹಗೇವಿನಲ್ಲಿ ಕೆಟ್ಟ ಗಾಳಿ ತುಂಬಿದ್ದರೆ ದೀಪ ಆರುತ್ತದೆ; ಉರಿದರೆ ಮನುಷ್ಯ ಇಳಿಯಬಹುದು. ತಲೆತಲಾಂತರದಿಂದ ಜೀವ ಉಳಿಸಿದ ಪದ್ಧತಿ ಅದು. ದೀಪ ಚೆನ್ನಾಗಿಯೇ ಉರಿಯಿತು.

"ದುರುಗಪ್ಪಣ್ಣ, ಇಳೀಬ್ಯಾಡ," ಎಂದೆ. "ಇದು ಜೋಳದ ಹಗೇವಲ್ಲ."

"ದೀಪ ಕಣ್ಣಿಗೆ ಕಾಣವಲ್ದೇನ್ರಿ ಸಾಹೇಬ್ರ?"

"ಕಾಣತೈತಿ. ಜೋಳದ ಗಾಳಿ ದೀಪ ಆರಸತೈತಿ. ಈ ಗಾಳಿ ದೀಪ ಬಿಟ್ಟು ಮನಷ್ಯಾನ್ನ ಆರಸತೈತಿ."

ಕೊಳೆತ ಸಗಣಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲ ಹುಟ್ಟುತ್ತದೆ. ಸ್ವಲ್ಪವಿದ್ದರೆ ಕೊಳೆತ ಮೊಟ್ಟೆಯ ನಾತ. ಹೆಚ್ಚಾದರೆ ಮೂಗೇ ಸತ್ತು ನಾತ ತಿಳಿಯುವುದಿಲ್ಲ. ಇನ್ನೂ ಹೆಚ್ಚಾದರೆ ಎರಡು ಉಸಿರಿಗೆ ಮನುಷ್ಯ ಬೀಳುತ್ತಾನೆ. ದೀಪಕ್ಕೆ ಇದ್ಯಾವುದೂ ಗೊತ್ತಾಗುವುದಿಲ್ಲ. ಇದನ್ನೆಲ್ಲ ಹೇಳಿದೆ. ಗೌಡರು ನಕ್ಕರು. "ಪುರಾವೆ ಪುರಾವೆ ಅಂತ ಊರೆಲ್ಲಾ ಹೊಯ್ಕೋತಿದ್ರಿ. ಈಗ ನೀವ ಕೊಡ್ರಿ, ನೋಡೂಣು."

ಕೊಟ್ಟೆ. ಅವರದೇ ಹಟ್ಟಿಯ ಒಂದು ಕೋಳಿಯನ್ನು ಬುಟ್ಟಿಗೆ ಹಾಕಿ, ಬುಟ್ಟಿಯ ಬಾಯಿಗೆ ಬಲೆ ಕಟ್ಟಿ, ಕಂದೀಲಿನ ಜೊತೆ ಕೆಳಗೆ ಬಿಟ್ಟೆ. ನೂರು ಎಣಿಸಿ ಎಳೆದೆ. ಕೋಳಿ ಕೊಕ್ಕೊಕ್ಕೋ ಎನ್ನುತ್ತ ಮೇಲೆ ಬಂತು.

ಹಟ್ಟಿಯಲ್ಲಿದ್ದವರೆಲ್ಲ ನಕ್ಕರು. "ಸಾಹೇಬ್ರ, ನಿಮ್ಮ ಸಾಕ್ಷಿ ಬಾಯಿಬಿಟ್ಟು ಹೇಳಾಕತ್ತೈತಿ!" ಎಂದ ಒಬ್ಬ. ದುರುಗಪ್ಪ ನಗಲಿಲ್ಲ. ಅವನ ಮುಖದಲ್ಲಿದ್ದದ್ದು ಅವಮಾನ. "ಮೂವತ್ತು ವರ್ಷ ಈ ದೀಪ ನಂಬಿ ಇಳಿದೀನ್ರಿ. ನಿನ್ನೆ ಬಂದ ನೀವು ನನಗ ಹಗೇವು ಕಲಸ್ತೀರೇನು?" ಎಂದು ಕಾಲು ಒಳಗೆ ಇಳಿಬಿಟ್ಟು ಕುಳಿತ.

ಚರ್ಚಾಕೂಟದಲ್ಲಾಗಿದ್ದರೆ ಸೋತೆನೆಂದು ಕೂರುತ್ತಿದ್ದೆ. ಇಲ್ಲಿ ಸೋಲಲು ಮನಸ್ಸಾಗಲಿಲ್ಲ. ಕೋಳಿ ಬದುಕಿದ್ದು ನಿಜ. ಆದರೆ ಕೋಳಿ ಒಳಗೆ ಏನು ಮಾಡಿತು? ಸುಮ್ಮನೆ ಕುಳಿತಿತ್ತು. ದುರುಗಪ್ಪ ಸುಮ್ಮನೆ ಕೂರಲು ಇಳಿಯುವುದಿಲ್ಲ, ಸಲಿಕೆ ಹಾಕುತ್ತಾನೆ. ಸಗಣಿಯ ಮೇಲೆ ಗಟ್ಟಿ ಕೆನೆ ಕಟ್ಟಿದೆ, ಅನಿಲ ಅದರಡಿಯಲ್ಲಿದೆ. ಕೆನೆ ಒಡೆಯುವವನೇ ಅದನ್ನು ಮೊದಲು ಕುಡಿಯುವವನು.

ಹೋಗಿ ಅವನ ಹಗ್ಗದ ಮೇಲೆ ನಿಂತೆ. "ಗಳ ತರ್ರಿ. ಮ್ಯಾಲಿಂದ ಕಲಕ್ರಿ. ಆಮ್ಯಾಲ ಅದೇ ಕೋಳಿ ಇಳಸ್ತೀನಿ. ಅದು ಬದುಕಿ ಬಂದ್ರ ದುರುಗಪ್ಪಣ್ಣನಕಿಂತ ಮೊದಲು ನಾ ಇಳೀತೀನಿ."

"ಸೋತ ಮ್ಯಾಲೂ ವಾದ ಬಿಡಂಗಿಲ್ಲಲ್ಲೋ ತಮ್ಮಾ," ಎಂದರು ಗೌಡರು. "ಮ್ಯಾಲಿನ ಸಾಹೇಬ್ರಿಗೆ ಬರದು ಹಾಕ್ತೀನಿ. ಹಗ್ಗ ಬಿಡು."

"ಬರೀರಿ. ಹಗ್ಗ ಬಿಡಂಗಿಲ್ಲ."

ಆಗ ಉದ್ದನೆಯ ಬಿದಿರ ಗಳ ತಂದವಳು ಫಕೀರವ್ವ. "ಒಂದು ಸಲ ಕಲಕಿದ್ರ ಏನು ಗಂಟು ಹೋಗ್ತೈತ್ರಿ ಗೌಡ್ರ?" ಎಂದಳು. ಗಳವನ್ನು ನನ್ನ ಕೈಗಿಟ್ಟು, ಗಂಡನನ್ನು ಗುಂಡಿಯ ಅಂಚಿನಿಂದ ಎಬ್ಬಿಸಿದಳು.

ಎಲ್ಲರನ್ನೂ ಗಾಳಿ ಬರುವ ಕಡೆಗೆ ಕಳಿಸಿ, ಗುಂಡಿಯ ಬಾಯಿಗೆ ಬಗ್ಗದೆ, ದೂರದಿಂದ ಗಳ ಹಾಕಿ ಕೆನೆ ಒಡೆದು ಕಲಕಿದೆ. ನಾತ ಗಪ್ಪನೆ ಎದ್ದಿತು. ಅದೇ ಕೋಳಿಯ ಬುಟ್ಟಿಯನ್ನು ಕಂದೀಲಿನ ಜೊತೆ ಇಳಿಸಿ ಎಣಿಸತೊಡಗಿದೆ. ಮೂವತ್ತರ ಹೊತ್ತಿಗೆ ರೆಕ್ಕೆ ಬಡಿಯುವ ಸದ್ದು ನಿಂತಿತು. ಎಳೆದಾಗ ಕೋಳಿಯ ಕತ್ತು ಬಲೆಯೊಳಗೆ ಜೋತುಬಿದ್ದಿತ್ತು. ಪಕ್ಕದಲ್ಲಿ ಕಂದೀಲು ಮಾತ್ರ ಉರಿಯುತ್ತಲೇ ಇತ್ತು.

ಇಲ್ಲಿ ನನ್ನ ತಪ್ಪನ್ನೂ ಹೇಳಬೇಕು. ಅಂಥ ಗುಂಡಿಯಲ್ಲಿ ಬೆಂಕಿಗೆ ಹೊತ್ತಿಕೊಳ್ಳುವ ಮೀಥೇನ್ ಕೂಡ ಇರುತ್ತದೆ. ಕಲಕಿದ ಮೇಲೆ ದೀಪ ಇಳಿಸಿದ್ದು ಹುಚ್ಚುತನ. ಭಗ್ಗೆನ್ನದೆ ಇದ್ದದ್ದು ನನ್ನ ಜಾಣತನದಿಂದಲ್ಲ.

"ಕೋಳಿ ಹೆದರಿ ಸತ್ತಿರಬೇಕು," ಎಂದರು ಗೌಡರು, ಸಣ್ಣ ದನಿಯಲ್ಲಿ.

ಉತ್ತರ ಕೊಟ್ಟವನು ದುರುಗಪ್ಪ. "ಮೊದಲನೇ ಸಲ ಯಾಕ ಹೆದರಲಿಲ್ರಿ ಗೌಡ್ರ?" ಎಂದು ಸೊಂಟದ ಹಗ್ಗ ಬಿಚ್ಚಿದ. ಕಂದೀಲನ್ನು ಎತ್ತಿ ಬಹಳ ಹೊತ್ತು ನೋಡಿದ. ಹಳೆಯ ಗೆಳೆಯ ಸುಳ್ಳು ಹೇಳಿ ಸಿಕ್ಕಿಬಿದ್ದಾಗ ನೋಡುವ ಹಾಗೆ.

ಗುಂಡಿ ಮುಚ್ಚಲು ಆರು ದಿನ ಹಿಡಿಯಿತು, ಒಬ್ಬರೂ ಒಳಗೆ ಇಳಿಯಲಿಲ್ಲ. ಮೊದಲು ಕಾಲುವೆ ಕಟ್ಟಿದೆವು. ಅಂಚಿನಿಂದ ಹಿಂದೆ ನಿಂತು, ಉದ್ದನೆಯ ಹಾರೆಯಿಂದ ಬಾಯಿಯನ್ನು ಅಗಲ ಮಾಡಿ ಎರಡು ದಿನ ಗಾಳಿಗೆ ಬಿಟ್ಟೆವು. ಬೀಡಿ ಸೇದುವವರನ್ನು ಹಟ್ಟಿಯಿಂದಲೇ ಹೊರಗಿಟ್ಟೆ. ಆಮೇಲೆ ಬಾವಿಯಿಂದ ನೀರೆತ್ತುವ ಕಪಿಲೆಯ ಚರ್ಮದ ಚೀಲವನ್ನು ತಂದು, ಎತ್ತು ಹೂಡಿ, ಗೊಬ್ಬರವನ್ನು ಅದರಿಂದಲೇ ಎತ್ತಿದೆವು. ಈ ಉಪಾಯ ದುರುಗಪ್ಪನದು, ನನ್ನದಲ್ಲ. ಗೌಡರ ಲಕ್ಷ್ಮಿ ಹೊಲಕ್ಕೆ ಹೋದಳು. ಕೊನೆಗೆ ಗರಸು ಮಣ್ಣನ್ನು ಪದರ ಪದರವಾಗಿ ಸುರಿದು, ನೆಲಮಟ್ಟಕ್ಕೆ ಬಂದ ಮೇಲೆ ದಿಮ್ಮಸು ಹೊಡೆದು ಗಟ್ಟಿ ಮಾಡಿದೆವು. ಅರ್ಧ ತುಂಬಿ ಬಂಡೆ ಎಳೆದ ಗುಂಡಿ ಮುಚ್ಚಿದ ಗುಂಡಿಯಲ್ಲ. ಅದು ಬಚ್ಚಿಟ್ಟ ಗುಂಡಿ.

ಈ ಕೆಲಸ ನನಗೆ ಕಲಿಸಿದ್ದು ಹಳೆಯ ಪದ್ಧತಿಯೆಲ್ಲ ಸುಳ್ಳು ಎಂದಲ್ಲ. ದುರುಗಪ್ಪನ ದೀಪ ಜೋಳದ ಹಗೇವಿಗೆ ಇಂದಿಗೂ ನಿಜ. ನನ್ನ ಮೊದಲ ಕೋಳಿಯೂ ಅವನ ದೀಪದಷ್ಟೇ ಕುರುಡು. ಮನುಷ್ಯ ಒಳಗೆ ಹೋಗಿ ಏನು ಮಾಡುತ್ತಾನೋ ಅದನ್ನು ಮಾಡಿ ನೋಡದ ಪರೀಕ್ಷೆ ಪರೀಕ್ಷೆಯೇ ಅಲ್ಲ, ಅದನ್ನು ದೀಪ ಮಾಡಲಿ, ಕೋಳಿ ಮಾಡಲಿ, ಓದಿದ ಸಲೋತ್ರಿ ಮಾಡಲಿ.

ಗೌಡರು ಹೇಳಿದಂತೆ ಬರೆದು ಹಾಕಿದರು: ಹಿರಿಯರಿಗೆ ಎದುರಾಡಿದ, ಕೆಲಸ ತಡೆದ, ಕೋಳಿ ಕೊಂದ. ಮೇಲಿನಿಂದ ಜವಾಬು ಕೇಳಿ ಕಾಗದ ಬಂತು. ಕ್ಷಮೆ ಕೇಳಿಬಿಡು, ಅಲ್ಲಿಗೆ ಮುಗಿಯುತ್ತದೆ ಎಂದರು ಸಹೋದ್ಯೋಗಿಗಳು. ನಾನು ಬರೆದದ್ದು ಇಷ್ಟೇ:

"ಮೂರೂ ಆರೋಪ ನಿಜ. ಕೋಳಿ ಸತ್ತಿದೆ. ದುರುಗಪ್ಪ ಬದುಕಿದ್ದಾನೆ. ಕ್ಷಮೆ ಕೇಳಲಾರೆ."