ಸೋಡಾ ಡಬ್ಬಿಯ ಬಾಣಂತನ

ಅಲ್ಲಾಡಿದ ಸೋಡಾ ಡಬ್ಬಿಯ ನೆತ್ತಿಯನ್ನು ಬೆರಳಿನಿಂದ ಟಕಟಕ ಬಡಿದರೆ ಒಳಗಿನ ನೊರೆ ಅಡಗುವುದಿಲ್ಲ. ಊದಿದರೂ ಅಡಗುವುದಿಲ್ಲ, ಉಂಗುರದಿಂದ ಕೆರೆದರೂ ಅಡಗುವುದಿಲ್ಲ. ತಂಪಾದ ಕಡೆ ಇಟ್ಟು, ಕೈ ಹಚ್ಚದೆ ಬಿಟ್ಟರೆ ಮಾತ್ರ ಅಡಗುತ್ತದೆ. ಇದಕ್ಕೆ ಯಾವ ಶಾಲೆಗೂ ಹೋಗಬೇಕಾಗಿಲ್ಲ. ಆದರೂ ನಾವು ಬಡಿಯುತ್ತೇವೆ, ತೆರೆಯುತ್ತೇವೆ, ಅಂಗಿ ತೊಯಿಸಿಕೊಳ್ಳುತ್ತೇವೆ. ಆಮೇಲೆ ಮಾರಿದವರನ್ನು ಕರೆದು ಬೈಯುತ್ತೇವೆ.

ಹಾಗೆ ಬೈಸಿಕೊಂಡವರಲ್ಲಿ ಹುಕ್ಕೇರಿಯ ಶೆಟ್ಟೆವ್ವನೂ ಒಬ್ಬಳು. ಬೈಸಿಕೊಂಡು ಸುಮ್ಮನೆ ಮನೆಗೆ ಹೋಗದವಳು ಬಹುಶಃ ಅವಳೊಬ್ಬಳೇ.

ಶೆಟ್ಟೆವ್ವ ನಾಗನೂರಿನ ಕುರಿಗಾರರ ಮನೆಯ ಮಗಳು. ಮದುವೆಯಾಗಿ ಹೋದದ್ದು ಗೋಕಾಕಕ್ಕೆ, ಗೋಲಿಸೋಡಾ ಮಾಡುವ ರಾಯಪ್ಪನ ಮನೆಗೆ. ಅಲ್ಲಿ ಪಡಸಾಲೆಯ ತುಂಬ ಒಂದು ಕಬ್ಬಿಣದ ಯಂತ್ರ. ಸಕ್ಕರೆನೀರು ತುಂಬಿದ ಬಾಟ್ಲಿಗಳನ್ನು ಅದರ ಗೂಡಿನಲ್ಲಿ ಸಿಕ್ಕಿಸಿ, ಗ್ಯಾಸು ಬಿಟ್ಟು, ಹಿಡಿಕೆ ಹಿಡಿದು ಗರಗರ ತಿರುವಬೇಕು. ಗೋಲಿಸೋಡಾ ಹುಟ್ಟುವುದೇ ಅಲ್ಲಾಡಿಸುವುದರಿಂದ. ಹೊಸ ಸೊಸೆ ಹೊರಗೆ ತೆಗೆದ ಬಾಟ್ಲಿಯನ್ನು ಹಾಗೇ ಗಿರಾಕಿಯ ಕೈಗೆ ಕೊಡಲು ಹೊರಟಾಗ ರಾಯಪ್ಪ ಅವಳ ಮೊಣಕೈ ಹಿಡಿದು ನಿಲ್ಲಿಸಿದ್ದ.

"ಏ, ತಡಿ. ಅದಕ್ಕ ಈಗ ನನಗಿಂತ ಹೆಚ್ಚು ಸಿಟ್ಟೈತಿ. ಹಸಿ ಚೀಲದಾಗ ಮಲಗಸು."

ಹಸಿ ಗೋಣಿಚೀಲದ ಕೆಳಗೆ ಬಾಟ್ಲಿಗಳು ಮಲಗುತ್ತಿದ್ದವು. ಒಡೆದರೂ ಗಾಜು ಸಿಡಿಯುತ್ತಿರಲಿಲ್ಲ, ಒಡೆಯದಿದ್ದರೆ ತಣ್ಣಗಾಗುತ್ತಿದ್ದವು. ರಾಯಪ್ಪ ಜ್ವರದಲ್ಲಿ ತೀರಿಕೊಂಡ. ಡಬ್ಬಿಯ ಕಾಲ ಬಂದು ಯಂತ್ರ ತುಕ್ಕು ಹಿಡಿಯಿತು. ಶೆಟ್ಟೆವ್ವ ಅದನ್ನು ತೂಕಕ್ಕೆ ಹಾಕಿ, ಕಣ್ಣೀರು ಹಾಕದೆ, ಒಂದು ಕೈಗಾಡಿ ತೆಗೆದುಕೊಂಡು ಹುಕ್ಕೇರಿಗೆ ಬಂದಳು. ಹಸಿ ಚೀಲವನ್ನು ಮಾತ್ರ ಬಿಟ್ಟು ಬರಲಿಲ್ಲ.

ಹುಕ್ಕೇರಿ ಪೇಟೆಯಲ್ಲಿ ಅವಳ ಗಾಡಿ ನಿಂತದ್ದು ರಾಚಪ್ಪ ಸಾವ್ಕಾರರ ಜವಳಿ ಅಂಗಡಿಯ ಬಾಜೂ ಗೋಡೆಗೆ. ಹೊತ್ತು ನೆತ್ತಿಯಿಂದ ಸರಿಯಿತೆಂದರೆ ಆ ಗೋಡೆಯ ನೆರಳು ಪೂರ್ತಿ ಗಾಡಿಯ ಮೇಲೆ ಬೀಳುತ್ತದೆ. ಬೇರೆ ಕಡೆ ನಿಂತವರ ಬರ್ಫ ಊಟದ ಹೊತ್ತಿಗೆ ನೀರಾದರೆ ಇವಳದು ಸಂಜೆಯವರೆಗೂ ಕಲ್ಲಿನ ಹಾಗೆ ಇರುತ್ತದೆ. ಬರ್ಫ ಇದ್ದರೆ ಧಂದೆ, ಕರಗಿದರೆ ಬರೀ ಗಾಡಿ. ಆ ನೆರಳೇ ಅವಳ ಅನ್ನ.

ಅಂಥ ನೆರಳನ್ನು ಒಂದು ಸಂತೆಯ ದಿನ ರಾಚಪ್ಪ ಕಸಿದುಕೊಳ್ಳಲು ಹೊರಟ.

ಆವತ್ತು ಅವನ ಅಂಗಡಿಗೆ ಮೂಡಲಗಿಯಿಂದ ಒಂದು ಬಸ್ತಾ ಬಂದಿತ್ತು. ಮದುವೆಗೆ ಮುಂಚೆ ಮನೆಮಂದಿ, ಬೀಗರು ಒಟ್ಟಿಗೆ ಬಂದು, ಗಾದಿಯ ಮೇಲೆ ಕುಳಿತು ಜವಳಿ ಆರಿಸುವುದಕ್ಕೆ ಈ ಕಡೆ ಬಸ್ತಾ ಅನ್ನುತ್ತಾರೆ. ಬಸ್ತಾ ಬಂತೆಂದರೆ ಅಂಗಡಿಯವನು ಬೀಗನಿಗಿಂತ ಹೆಚ್ಚು ಬಾಗುತ್ತಾನೆ. ಕುಡಿಯಲು ಥಂಡಾ ತರಿಸುತ್ತಾನೆ. ಮದುಮಗಳ ತಾಯಿ ಗೌರಕ್ಕ ಸೀರೆಗಳ ನಡುವೆ ಕೂತಿದ್ದಳು. ಅವಳ ಮಾವ ಉದ್ದಪ್ಪಜ್ಜ ಗೋಡೆಗೆ ಒರಗಿ, ಬಿಸಿಲಿಗೆ ಸೋತು, ಟವಲಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದ.

ಅದೇ ಹೊತ್ತಿಗೆ ಶೆಟ್ಟೆವ್ವನ ತಮ್ಮ ಮಾಲಿಂಗನ ಟೆಂಪೋ ಗೋಕಾಕದಿಂದ ಬಂದು ನಿಂತಿತು. ಮಾಲಿಂಗ ಟೆಂಪೋ ಹೊಡೆಯುವ ರೀತಿ ಹೇಗೆಂದರೆ, ಅದರಲ್ಲಿ ಹಾಲು ಹೇರಿದರೆ ಬೆಣ್ಣೆ ಇಳಿಸಬಹುದು. ಡಬ್ಬಿಗಳ ಪೆಟ್ಟಿಗೆ ಇನ್ನೂ ಕೆಳಗೆ ಇಳಿದಿರಲಿಲ್ಲ, ರಾಚಪ್ಪ ಹೊರಗೆ ಬಂದ.

"ಶೆಟ್ಟೆವ್ವ, ಥಂಡಾ ಕಳಸು. ಮಂದಿ ಕುಂತೈತಿ."

"ತಡೀರಿ ಸಾವ್ಕಾರ್ರ, ಬರ್ಫದಾಗಿನ ಮಾಲು ತೀರೇತಿ. ಇವು ಈಗ ಬಂದಾವು, ಒಂದೀಟು ತಣ್ಣಗಾಗ್ಲಿ."

"ತಣ್ಣಗಾಗಾಕ ಅವೇನು ಚಾ ಏನು?"

ಅಷ್ಟಂದು ತಾನೇ ಟೆಂಪೋಕ್ಕೆ ಕೈ ಹಾಕಿ, ಡಬ್ಬಿಗಳನ್ನು ಕಂಕುಳಲ್ಲಿ ಅವಚಿಕೊಂಡು ಲಗುಬಗೆಯಿಂದ ಒಳಗೆ ಹೋದ. ಉದ್ದಪ್ಪಜ್ಜ ತನ್ನ ಪಾಲಿನದನ್ನು ಕೈಗೆ ತೆಗೆದುಕೊಂಡು ಮೇಲೆ ಕೆಳಗೆ ಚೆನ್ನಾಗಿ ಕುಲುಕಿದ. ಮಾವಿನಹಣ್ಣಿನ ರಸದ ಬಾಟ್ಲಿಗೆ ಹಾಗೆ ಮಾಡಬೇಕೆಂದು ಮೊಮ್ಮಗಳು ಓದಿ ಹೇಳಿದ್ದಳು, ಕೆಮ್ಮಿನ ಔಷಧದ ಬಾಟ್ಲಿಯ ಮೇಲೂ ಅದೇ ಬರೆದಿತ್ತು. ಕುಲುಕಿದ ಮೇಲೆ ನೆತ್ತಿಗೆ ಎರಡು ಏಟು ಹಾಕಿದ. ಆಮೇಲೆ ಹರೆಯದಲ್ಲಿ ಗೋಲಿಸೋಡಾ ಒಡೆದ ಕೈ ಅಲ್ಲವೇ, ಗೋಲಿಗೆ ಹೆಬ್ಬೆರಳಿಟ್ಟು ಗುದ್ದುವ ಅದೇ ರಭಸದಲ್ಲಿ ಡಬ್ಬಿಯ ಬಾಯಿ ಕಿತ್ತ.

ನೊರೆ ಮೊದಲು ಅಜ್ಜನ ಮೀಸೆಗೆ, ಅಲ್ಲಿಂದ ಗಾದಿಗೆ, ಗಾದಿಯಿಂದ ಅಕ್ಕಿಕಾಳು ಹಾಕುವ ಮುಹೂರ್ತಕ್ಕೆಂದು ಗೌರಕ್ಕ ಆರಿಸಿ ಬದಿಗಿಟ್ಟಿದ್ದ ಹಸಿರು ರೇಷ್ಮೆ ಸೀರೆಗೆ ಹಾರಿತು. ಹೆಂಗಸರು ಎದ್ದರು. ಆರಿಸಿದ ಸೀರೆಗೇ ಕಲೆ ಬಿತ್ತಲ್ಲ ಎಂದು ಯಾರೋ ಗೊಣಗಿದರು. ಮುಂದಿನ ಸಂತೆಗೆ ನೋಡೋಣ ಎಂದು ಬಸ್ತಾ ಅರ್ಧಕ್ಕೇ ಎದ್ದು ಹೋಯಿತು.

ಈಗ ನೋಡಿ. ಟೆಂಪೋದಿಂದ ಡಬ್ಬಿ ಎತ್ತಿದವನು ರಾಚಪ್ಪ. ಕುಲುಕಿದವನು, ಕಿತ್ತವನು ಉದ್ದಪ್ಪಜ್ಜ. ತಡೀರಿ ಎಂದವಳು ಒಬ್ಬಳೇ. ಬೈಗುಳ ಯಾರಿಗೆ ಬಿತ್ತೆಂದು ಹೇಳಬೇಕೇ? ನಮ್ಮ ಪೇಟೆಗಳಲ್ಲಿ ಸಿಟ್ಟು ಯಾವಾಗಲೂ ಇಳಿಜಾರು ಹುಡುಕಿಕೊಂಡೇ ಹರಿಯುತ್ತದೆ.

"ಕೊಳತ ಮಾಲು ಮಾರತಿ, ಮ್ಯಾಲ ನನ್ನ ಗ್ವಾಡಿಗೆ ನಿಂದರತಿ," ಎಂದು ರಾಚಪ್ಪ ನಡುಪೇಟೆಯಲ್ಲಿ ನಿಂತು ಕೂಗಾಡಿದ. ಸಂತೆಗೆ ಬಂದವರೆಲ್ಲ ನಿಂತು ಕೇಳಿದರು. "ಮುಂದಿನ ಸಂತಿ ಮುಗಿಯೂದರಾಗ ಈ ಗಾಡಿ ಇಲ್ಲಿ ಕಾಣಬಾರದು."

ಶೆಟ್ಟೆವ್ವ ಆ ಮಂದಿಯ ಮುಖಗಳನ್ನು ಒಂದೊಂದಾಗಿ ನೋಡಿ ನೆನಪಿಟ್ಟುಕೊಂಡಳು.

"ಅಕ್ಕಾ, ಮಜ್ಜಿಗಿ ಮಾರು," ಎಂದ ಮಾಲಿಂಗ ಪೆಟ್ಟಿಗೆ ಇಳಿಸುತ್ತ. "ಅದನ್ನ ಎಷ್ಟು ಕಡದ್ರೂ ಯಾರ ಮ್ಯಾಲೂ ಹಾರಂಗಿಲ್ಲ."

"ನೀ ಟೆಂಪೋ ಹೊಡಿಯೂದು ಬಿಟ್ಟು ಮಜ್ಜಿಗಿ ಕಡಿ. ನಿನಗ ಕೈ ಐತಿ."

ಮಾಲಿಂಗ ನಕ್ಕ. ಅವಳು ನಗಲಿಲ್ಲ. ಅವಳ ತಲೆಯಲ್ಲಿ ಬೇರೆಯೇ ಲೆಕ್ಕ ನಡೆದಿತ್ತು. ಡಬ್ಬಿ ಅಡಗಿಸುವುದು ಅವಳಿಗೆ ಗೊತ್ತಿತ್ತು. ಅಲ್ಲಾಡಿಸಿದಾಗ ಮೇಲಿದ್ದ ಗಾಳಿ ಸಣ್ಣ ಸಣ್ಣ ಗುಳ್ಳೆಯಾಗಿ ನೀರಿನೊಳಗೆ ಹೊಗುತ್ತದೆ. ಒಮ್ಮೆಗೇ ಬಾಯಿ ತೆರೆದರೆ ಒಂದೊಂದು ಗುಳ್ಳೆಯೂ ಉಬ್ಬಿ, ನೀರನ್ನು ಹೊತ್ತುಕೊಂಡು ಹೊರಗೆ ಬರುತ್ತದೆ. ಬಿಟ್ಟರೆ ತಾನಾಗಿ ಮೇಲೇರಿ ತನ್ನ ಜಾಗ ಸೇರುತ್ತದೆ. ತಂಪು ಇದ್ದರೆ ನೀರು ಗ್ಯಾಸನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಇವೆಲ್ಲ ರಾಯಪ್ಪನ ಪಡಸಾಲೆಯಲ್ಲಿ ಕೈಗೆ ಬಂದ ಸಂಗತಿ. ಡಬ್ಬಿಯನ್ನೇನೋ ಮಲಗಿಸಬಹುದು. ಮನುಷ್ಯರನ್ನು ಹೇಗೆ ಕೂರಿಸುವುದು? ತಡೀರಿ ಎಂದರೆ ತಡೆಯುವ ಜಾತಿಯೇ ಇದು?

ಮರುದಿನ ಮಾಲಿಂಗ ಊಟಕ್ಕೆಂದು ಅಕ್ಕನ ಮನೆಗೆ ಬಂದ. ಬಂದವನ ಮುಂದೆ ಅವಳು ಕೈ ತಾನಾಗಿ ಮಾಡುವ ಕೆಲಸ ಮಾಡಿದಳು: ಒಂದು ತಂಬಿಗೆ ನೀರು, ತಟ್ಟೆಯಲ್ಲಿ ಒಂದು ಚೂರು ಬೆಲ್ಲ ಇಟ್ಟಳು. ಹಸಿದು ಬಂದಿದ್ದ, ಅವಸರದವನು, ಆದರೂ ಕುಳಿತ. ಬೆಲ್ಲ ಕಡಿದ. ನೀರು ಕುಡಿದ. ಊರಿನ ಸುದ್ದಿ ತೆಗೆದ. ರೊಟ್ಟಿ ತಟ್ಟಿ ಮುಗಿಯುವವರೆಗೂ ಊಟ ಕೇಳಲಿಲ್ಲ. ಬೆಲ್ಲ ನೀರು ಕೊಟ್ಟ ಮನೆಯಲ್ಲಿ ಅವಸರ ಮಾಡುವುದು ಈ ಸೀಮೆಯಲ್ಲಿ ಯಾರಿಗೂ ಬರುವುದಿಲ್ಲ.

ಶೆಟ್ಟೆವ್ವ ರೊಟ್ಟಿ ತಿರುವಿ ಹಾಕುತ್ತ ತಮ್ಮನ ಕಡೆ ಬಹಳ ಹೊತ್ತು ನೋಡಿದಳು.

"ಯಾಕ ಹಂಗ ನೋಡ್ತಿ?" ಎಂದ ಮಾಲಿಂಗ.

"ನಿನ್ನಂಥವನ್ನೂ ಕುಂದರಸಬಹುದಂತ ಗೊತ್ತಾತು."

ಮುಂದಿನ ಸಂತೆ ಬಂತು. ಗೌರಕ್ಕನ ಬಸ್ತಾವೂ ಬಂತು. ರಾಚಪ್ಪ ಅವರನ್ನು ಫೋನು ಮಾಡಿ ಮಾಡಿ ಕರೆಸಿಕೊಂಡಿದ್ದ. ಸೀರೆ ಬಿಚ್ಚುವ ಮೊದಲೇ ಚಾ ತರಿಸಲು ಹೊರಟಾಗ ಉದ್ದಪ್ಪಜ್ಜ ಕೈ ಅಡ್ಡ ಹಿಡಿದ.

"ಈ ಬಿಸಲಾಗ ಚಾ ಏನ್ ಕುಡಿಸ್ತಿ ಸಾವ್ಕಾರಾ. ಥಂಡಾ ತರಸು. ಮೊನ್ನೀದು ನನ್ನ ಮೀಸಿ ಅಷ್ಟ ಕುಡದೈತಿ, ನಾ ಕುಡದಿಲ್ಲ."

ಹೆಂಗಸರು ನಕ್ಕರು. ರಾಚಪ್ಪ ನಗಲಾರದೆ ನಕ್ಕು ಹೊರಗೆ ಬಂದ. ಮಾಲಿಂಗ ಆಗತಾನೇ ಪೆಟ್ಟಿಗೆ ಇಳಿಸುತ್ತಿದ್ದ. ರಾಚಪ್ಪನ ಕೈ ಮತ್ತೆ ಅತ್ತ ಹೋಯಿತು. ಶೆಟ್ಟೆವ್ವ ಪೆಟ್ಟಿಗೆಯ ಮೇಲೆ ತನ್ನ ಕೈ ಇಟ್ಟಳು.

"ಇವತ್ತ ನಾ ತಂದ ಕೊಡತೇನ್ರಿ. ನನ್ನ ರೀತಿ ಕೊಡತೇನಿ. ಅದು ಬ್ಯಾಡಂದ್ರ ಚಾ ಕುಡಸ್ರಿ."

"ಒಂದ್ ಹನಿ ಸಿಡೀಲಿ, ಸಂಜಿ ತನಕ ಸೈತ ನಿಂದರಾಕ ಬಿಡಂಗಿಲ್ಲ."

"ಒಂದ್ ಹನಿ ಸಿಡದ್ರ ನೀವು ಹೇಳೂದ ಬ್ಯಾಡ. ನಾನ ಗಾಡಿ ನೂಕ್ಕೊಂಡು ಹೊಕ್ಕೇನಿ."

ಇಷ್ಟು ವರ್ಷ ಗೋಡೆಯ ಹೊರಗೆ ನಿಂತಿದ್ದವಳು ಆವತ್ತು ಮೊದಲ ಸಲ ಅಂಗಡಿಯ ಹೊಸ್ತಿಲು ದಾಟಿದಳು. ಒಂದು ಬುಟ್ಟಿಯಲ್ಲಿ ಬರ್ಫದ ನೀರು, ಅದರಲ್ಲಿ ಕತ್ತಿನವರೆಗೆ ಮುಳುಗಿ ನೆಟ್ಟಗೆ ನಿಂತ ಡಬ್ಬಿಗಳು, ಮೇಲೆ ಹಸಿ ಚೀಲ. ಗಾದಿಯಿಂದ ದೂರ, ಬಾಗಿಲ ಬಳಿ ಇಟ್ಟಳು. ಆಮೇಲೆ ತಟ್ಟೆಯಲ್ಲಿ ಬೆಲ್ಲ ಹಿಡಿದು ಎಲ್ಲರ ಮುಂದೆ ಹೋದಳು. ಮಾಲಿಂಗ ಹಿಂದೆ ನೀರಿನ ತಂಬಿಗೆ ಹಿಡಿದು ಬಂದ.

ಗೌರಕ್ಕ ಬೆಲ್ಲ ಬಾಯಿಗೆ ಹಾಕಿಕೊಂಡು ಚೀಲ ಹೊದ್ದ ಡಬ್ಬಿಗಳನ್ನೇ ನೋಡಿದಳು.

"ಅಲ್ಲಬೇ ಅಕ್ಕಾ, ಥಂಡಾ ತಾ ಅಂದ್ರ ಡಬ್ಬಿಗೇನು ಬಾಣಂತನ ಮಾಡಾಕತ್ತಿ?"

"ಹೌದ್ರಿ ಮತ್ತ. ಗೋಕಾಕದಿಂದ ಇಲ್ಲೀತನಕ ನನ್ನ ತಮ್ಮನ ಟೆಂಪೋದಾಗ ಬಂದಾವು. ನಾ ಬಂದಿದ್ರ ನನಗೂ ಬೇಕಾಗ್ತಿತ್ತು."

ಅಂಗಡಿ ಪೂರ್ತಿ ನಕ್ಕಿತು. ಮಾಲಿಂಗ ತಂಬಿಗೆ ಹಿಡಿದೇ ತಲೆ ತಗ್ಗಿಸಿದ. ನಕ್ಕ ಮೇಲೆ ಮಂದಿ ಸಡಿಲವಾಗುತ್ತಾರೆ. ನೀರು ಕುಡಿದರು, ಬೆವರು ಒರೆಸಿದರು, ಸೀರೆ ನೋಡಲು ಶುರುಮಾಡಿದರು. ಥಂಡಾ ಎಲ್ಲಿ ಎಂದು ಯಾರೂ ಕೇಳಲಿಲ್ಲ. ಗೌರಕ್ಕ ಒಂದು ನೀಲಿ ಸೀರೆಯನ್ನು ಬೆಳಕಿಗೆ ಹಿಡಿದು ಬೀಗಿತ್ತಿಯ ಜೊತೆ ಅಂಚಿನ ಬಗ್ಗೆ ವಾದಕ್ಕೆ ಬಿದ್ದಳು. ರಾಚಪ್ಪ ಮಾತ್ರ ಸೀರೆ ಬಿಚ್ಚುತ್ತಲೇ ಬಾಗಿಲ ಕಡೆ ನೋಡುತ್ತಿದ್ದ, ಅಲ್ಲಿ ಹಾವು ಮಲಗಿದೆಯೇನೋ ಎನ್ನುವ ಹಾಗೆ.

ಡಬ್ಬಿಗಳು ಕೈಗೆ ಬಾವಿಯ ನೀರಿನಷ್ಟು ತಣ್ಣಗೆ ತಾಗಿದ ಮೇಲೆ ಶೆಟ್ಟೆವ್ವ ಚೀಲ ಸರಿಸಿದಳು. ಮೊದಲನೆಯದನ್ನು ಒರೆಸಿ ಉದ್ದಪ್ಪಜ್ಜನ ಮುಂದೆ ಇಟ್ಟಳು. ಅಜ್ಜನ ಕೈ ಹಳೆಯ ಚಾಳಿಯಂತೆ ಡಬ್ಬಿಯನ್ನು ಎತ್ತಿ ಕುಲುಕಲು ಮೇಲೆ ಹೋಯಿತು. ರಾಚಪ್ಪ ಕೈಗೆ ಸಿಕ್ಕ ಸೀರೆಗಳನ್ನು ಎದೆಗೆ ಅವಚಿಕೊಂಡ. ಶೆಟ್ಟೆವ್ವ ಅಜ್ಜನ ಮಣಿಕಟ್ಟು ಮೆಲ್ಲಗೆ ಹಿಡಿದುಕೊಂಡಳು.

"ಯಜ್ಜಾ, ಇದು ಔಷಧ ಅಲ್ಲೋ. ಕೆಳಗಿಡು. ಬಡಿಯೂದೂ ಬ್ಯಾಡ. ಬಾಯಿ ಒಂದ್ ಕೂದಲೆಳಿಯಷ್ಟು ಎತ್ತು. ಹಾಂ, ಅಲ್ಲೇ ನಿಂದ್ರು."

ಡಬ್ಬಿ ಚಿಸ್ಸೆಂದಿತು, ಎಳೆ ಮಗು ನಿದ್ದೆಯಲ್ಲಿ ಸೀನಿದ ಹಾಗೆ. ಸದ್ದು ಪೂರ್ತಿ ನಿಂತ ಮೇಲೆ ಅಜ್ಜ ಡಬ್ಬಿಯ ಉಳಿದ ಬಾಯಿಯನ್ನೂ ತೆರೆದ. ಒಂದು ಹನಿಯೂ ಅಂಚು ದಾಟಲಿಲ್ಲ. ಉಳಿದವರೂ ಹಾಗೇ ತೆರೆದರು. ಗಾದಿಯ ಬಿಳಿ ಬಟ್ಟೆ ಬಿಳಿಯಾಗಿಯೇ ಇತ್ತು. ಗೌರಕ್ಕ ನೀಲಿ ಸೀರೆಯನ್ನು ಮಡಿಲಿಗೆ ಹಾಕಿಕೊಂಡಳು.

ರಾಚಪ್ಪ ಆ ಸೀರೆಯ ಲೆಕ್ಕ ಬರೆದುಕೊಂಡ. "ಹೋಗ್ಲಿ ಬಿಡು ಶೆಟ್ಟೆವ್ವ. ಗಾಡಿ ಇರ್ಲಿ."

ಬೇರೆಯವರಾದರೆ ಇಷ್ಟಕ್ಕೇ ಕೈ ಮುಗಿದು ಹೊರಗೆ ಬರುತ್ತಿದ್ದರು. ಶೆಟ್ಟೆವ್ವ ಖಾಲಿ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ಅಲ್ಲೇ ನಿಂತಳು.

"ಗಾಡಿ ಇರೂದು ಇರ್ತೈತ್ರಿ ಸಾವ್ಕಾರ್ರ. ಕೊಳತ ಮಾಲು ಅಂದಿದ್ರಿ. ಸಂತಿ ಮಂದಿ ಎಲ್ಲಾ ಕೇಳೇತಿ. ಆ ಮಾತು ಎಲ್ಲಿ ಇಡೂದು?"

ರಾಚಪ್ಪ ಅತ್ತ ಇತ್ತ ನೋಡಿದ. ಅವನಿಗಿಂತ ಮೊದಲು ಮಾತಾಡಿದವನು ಉದ್ದಪ್ಪಜ್ಜ.

"ಕುಲಕಿದಾಂವ ನಾ," ಎಂದ ಅಜ್ಜ, ಡಬ್ಬಿ ಕೆಳಗಿಟ್ಟು. "ಮಾಲು ಖರೆ ಐತಿ. ನನ್ನ ಕೈಯಾಗ ತಪ್ಪಿತ್ತು. ಆವತ್ತ ಹೇಳಾಕ ಬಾಯಿ ಬರ್ಲಿಲ್ಲ, ಬಾಯಿ ತುಂಬ ನೊರಿ ಇತ್ತು."

ಮತ್ತೆ ನಗು ಎದ್ದಿತು. ಆ ನಗುವಿನಲ್ಲಿ ನುಸುಳಿ ಪಾರಾಗಲು ರಾಚಪ್ಪನಿಗೆ ಅವಕಾಶವಿತ್ತು. ಆದರೆ ಶೆಟ್ಟೆವ್ವ ನಗದೆ ಅವನನ್ನೇ ನೋಡುತ್ತಿದ್ದಳು, ಗೌರಕ್ಕನೂ ನೋಡತೊಡಗಿದಳು. ಅವನು ಎದ್ದು ಹೊಸ್ತಿಲ ತನಕ ಬಂದ. ಹೊರಗೆ ಸಂತೆ ತುಂಬಿತ್ತು. ಕಳೆದ ಸಲ ನಿಂತು ಕೇಳಿದ್ದವರು ಈ ಸಲವೂ ಅಲ್ಲೇ ಇದ್ದರು.

"ಶೆಟ್ಟೆವ್ವನ ಮಾಲಿನಾಗ ಏನೂ ತಪ್ಪಿದ್ದಿಲ್ಲ," ಎಂದ. ದನಿ ಸಣ್ಣದಿತ್ತು. ಅವಳು ಕದಲಲಿಲ್ಲ. ಅವನು ಇನ್ನೊಮ್ಮೆ, ಪೇಟೆಗೆ ಕೇಳಿಸುವ ಹಾಗೆ ಹೇಳಿದ. "ಆಕಿ ತಡೀರಿ ಅಂದಿದ್ಲು. ಅವಸರ ಮಾಡಿದಾಂವ ನಾ."

"ಇಷ್ಟ ಆತ್ರಿ," ಎಂದಳು ಶೆಟ್ಟೆವ್ವ. ಬುಟ್ಟಿ ಹೊತ್ತು ತನ್ನ ನೆರಳಿಗೆ ಹೋದಳು. ಅಲ್ಲಿ ಮೂವರು ಗಿರಾಕಿಗಳು ಕಾಯುತ್ತಿದ್ದರು. ಮೊದಲು ಅವರ ಕೈಗೆ ಬೆಲ್ಲ ಇಟ್ಟಳು.

ಗಾಡಿ ಇವತ್ತಿಗೂ ಅದೇ ಗೋಡೆಗಿದೆ. ಬಸ್ತಾ ಬಂದಾಗ ರಾಚಪ್ಪ ಈಗ ಮೊದಲು ಬೆಲ್ಲ ನೀರು ಕೇಳುತ್ತಾನೆ. ಕುಳಿತ ಮಂದಿ ಒಂದು ಸೀರೆ ಹೆಚ್ಚೇ ನೋಡುತ್ತಾರೆಂಬುದು ಅವನಿಗೂ ತಿಳಿದಿದೆ. ಅದು ಅವನ ಲಾಭ, ನನಗೆ ಬೇಡ. ನನಗೆ ಬೇಕಾದದ್ದು ನಿಮ್ಮಿಂದ.

ಡಬ್ಬಿ ಸಿಡಿದರೆ ಮೊದಲು ನಿಮ್ಮ ಕೈ ನೋಡಿಕೊಳ್ಳಿ. ನೀವು ಕುಲುಕಿದ್ದಕ್ಕೆ, ನೀವು ಅವಸರ ಮಾಡಿದ್ದಕ್ಕೆ, ಗಾಡಿಯ ಹಿಂದೆ ನಿಂತ ಯಾರನ್ನೋ ನಾಲ್ಕು ಮಂದಿಯ ಮುಂದೆ ಬೈದದ್ದು ನಿಮಗೆ ಈಗ ನೆನಪಾಗುತ್ತಿದೆ, ಇಲ್ಲವೆನ್ನಬೇಡಿ. ಈ ಹಾಳೆ ಮಡಚಿಡಿ. ಎದ್ದು ಅಲ್ಲಿಗೆ ಹೋಗಿ. ಅದೇ ನಾಲ್ಕು ಮಂದಿಯ ಮುಂದೆ, ಅಷ್ಟೇ ದೊಡ್ಡ ದನಿಯಲ್ಲಿ, ಆ ಮಾತು ವಾಪಸು ತೆಗೆದುಕೊಳ್ಳಿ.