ಬದುಕಿದ್ದವಳಿಗೆ ಎಡೆ

ಗೊಳಸಂಗಿಯ ಶೆಟ್ಟೆವ್ವ ಜೈಲಿನಿಂದ ಬಂದು ಇನ್ನೂ ತಿಂಗಳಾಗಿರಲಿಲ್ಲ, ಆಗಲೇ ತಮ್ಮ ಚಂದಪ್ಪ ಅವಳನ್ನು ಮನೆಯಿಂದ ಹೊರಡಿಸಲು ನಿಂತ.

"ಅಕ್ಕಾ, ಇವತ್ತೊಂದಿನ ನೀ ಹೊಲದಾಗಿನ ಗುಡಿಸಲದಾಗ ಇರು. ಬಸುರಿ ಗುಂಡವ್ವನ ಕುಬಸಕ್ಕ ನಾಲತವಾಡದ ಬೀಗರು ಬರ್ತಾರ."

"ಬರಲಿ. ನಾ ಏನ್ ಅವರನ್ನ ತಿಂತೇನೇನು?"

ಗುಂಡವ್ವ ಚಂದಪ್ಪನ ಮಗಳು. ತಾಯಿ ಬಾಣಂತನದಲ್ಲೇ ಸತ್ತಾಗ ಕೂಸನ್ನು ಎದೆಗವಚಿಕೊಂಡು ಸಾಕಿದವಳು ಶೆಟ್ಟೆವ್ವ. ಗಂಡ ಬಿಟ್ಟ ಮೇಲೆ ತವರಿಗೆ ಬಂದಿದ್ದ ಅವಳಿಗೆ ಬೇರೆ ಮಕ್ಕಳಿಲ್ಲ. ಎಪ್ಪತ್ತೆರಡರ ಬರದಲ್ಲಿ ಕಲ್ಲು ಒಡೆಯುವ ಹೆಂಗಸರ ಕೂಲಿಯ ಜೋಳವನ್ನು ಗುತ್ತಿಗೆದಾರ ಬಚ್ಚಿಟ್ಟಾಗ, ಕೆಂಪು ಬಾವುಟ ಹಿಡಿದು ಅವನ ಗೋದಾಮಿನ ಕೀಲಿ ಒಡೆದವಳೂ ಇವಳೇ. ಓಣಿಗೆ ಓಣಿಯೇ ಆ ಜೋಳದ ರೊಟ್ಟಿ ತಿಂದಿತು. ತುರ್ತುಪರಿಸ್ಥಿತಿ ಬಂದದ್ದೇ ತಡ, ಪೊಲೀಸರು ಹಳೆಯ ಕೇಸು ಕೆದಕಿ ಎಳೆದೊಯ್ದರು. ಎಷ್ಟು ಬಡಿದರೂ ಜೊತೆಗಿದ್ದ ಒಬ್ಬಳ ಹೆಸರನ್ನೂ ಅವಳು ಹೇಳಲಿಲ್ಲ. ಎಪ್ಪತ್ತೇಳರಲ್ಲಿ ಬಿಡುಗಡೆಯಾಗಿ ಬಂದರೆ ಅದೇ ಹೆಂಗಸರು ಅವಳನ್ನು ಕಂಡು ದಾರಿ ಬದಲಿಸಿದರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗ್ಯಾಕೆ! ಊರು ಹಾಳಾಗಿ ಹೋಗಲಿ, ಗುಂಡವ್ವ ಒಬ್ಬಳು ಓಡಿ ಬಂದು ತಬ್ಬಿಕೊಂಡರೆ ಸಾಕು ಎಂದು ಅವಳು ದಿನ ನೂಕುತ್ತಿದ್ದಳು. ಹುಡುಗಿಯ ಲಗ್ನವಾದದ್ದು ಇವಳು ಒಳಗಿದ್ದಾಗ.

ಚಂದಪ್ಪ ನೆಲ ನೋಡುತ್ತ ಅಂದ: "ಅವರಿಗೆ ನೀ ಸತ್ತಿ ಅಂತ ಹೇಳೀವಿ ಅಕ್ಕಾ. ಪೊಲೀಸರ ಕೈಯಾಗ ಇದ್ದಾಕಿ ಸಾಕಿದ ಹುಡುಗಿ ಅಂದ್ರ ಯಾರ್ ಮಾಡ್ಕೋತಿದ್ರು? ಲಗ್ನದಾಗ ಹಿರೇರಿಗೆ ಎಡಿ ಹಿಡಿಯೋವಾಗ ನಿನ್ನ ಹೆಸರಿಲೇನೂ ಒಂದ್ ಎಡಿ ಹಿಡದ್ವಿ."

ಸತ್ತ ಹಿರಿಯರಿಗೆ ಇಡುವ ಎಡೆ, ಉಸಿರಾಡುವವಳಿಗೆ! ಶೆಟ್ಟೆವ್ವನ ಮೈಯೆಲ್ಲ ಉರಿದುಹೋಯಿತು.

"ಏನ್ ಇಟ್ಟಿದ್ರೋ ಎಡಿಗೆ?"

"ಹೋಳಿಗಿ."

"ನಾ ಅಲ್ಲಿ ಹುಳ ಆರಿಸಿ ಅನ್ನ ಉಣ್ಣಾಕತ್ತಿದ್ದೆ, ನೀವು ಇಲ್ಲಿ ನನ್ನ ಹೆಸರಿಲೆ ಹೋಳಿಗಿ ಹೊಡದ್ರಿ! ಗುಂಡವ್ವಗ ಗೊತ್ತೈತೇನು ಇದು?"

ಚಂದಪ್ಪ ಅವಳ ಬಟ್ಟೆಗಂಟು ಎತ್ತಿ ಬಾಗಿಲಲ್ಲಿಟ್ಟ.

"ಗೊತ್ತಿರಂಗಿಲ್ಲ. ಗೊತ್ತಿದ್ರ ನಿನ್ನ ಎಡಿ ಒದ್ದು ಬರ್ತಿದ್ಲು ಆಕಿ. ನಾ ಎಲ್ಲಿಗೂ ಹೋಗಂಗಿಲ್ಲ, ಏನ್ ಮಾಡ್ತಿ ಮಾಡು" ಎಂದವಳೇ ಪಡಸಾಲೆಯ ನಟ್ಟನಡುವೆ ಕೂತುಬಿಟ್ಟಳು.

ಬೀಗರು ಬಂದರು. ಏಳು ತಿಂಗಳ ಬಸುರಿ ಗುಂಡವ್ವ ಹೊಸ್ತಿಲು ದಾಟಿದವಳು ಶೆಟ್ಟೆವ್ವನನ್ನು ಕಂಡು ಅಲ್ಲೇ ನಿಂತಳು. ಮುಖದ ಬಣ್ಣ ಇಳಿಯಿತು. ಹಿಂದೆಯೇ ಬಂದ ಅವಳ ಅತ್ತೆ ತಿಪ್ಪವ್ವ ಕೇಳಿದಳು: "ಇವರ್ಯಾರವಾ?"

ಶೆಟ್ಟೆವ್ವ ಹುಡುಗಿಯ ಮುಖವನ್ನೇ ನೋಡುತ್ತಿದ್ದಳು.

"ಗೊತ್ತಿಲ್ಲರಿ" ಅಂದಳು ಗುಂಡವ್ವ. "ಓಣಿಯಾಗಿನವರು ಯಾರೋ."

ಬಾಯಿಬಿಟ್ಟರೆ ಹುಡುಗಿಯ ಬಾಳು ಮೂರಾಬಟ್ಟೆಯಾಗುತ್ತದೆಂದು ಶೆಟ್ಟೆವ್ವನಿಗೆ ಗೊತ್ತಿತ್ತು. ಎದ್ದು ಸೆರಗು ಕೊಡವಿದಳು.

"ನಾ ಶೆಟ್ಟೆವ್ವನ ಗೆಳತಿರಿ. ಗುಂಡವ್ವನ್ನ ಸಾಕಿದ್ಲಲ್ಲ, ಸತ್ತಾಕಿ, ಆಕಿ ಗೆಳತಿ."

"ಅಯ್ಯ ಪಾಪ! ಏನಾಗಿ ಸತ್ತಳ್ರಿ ಆಕಿ?"

"ನಿಮ್ಮ ಸೊಸಿನ್ನ ಕೇಳ್ರಿ" ಅಂದಳು ಶೆಟ್ಟೆವ್ವ. "ಜೀವ ಹೋಗೋವಾಗ ಎದುರಿಗೆ ಇದ್ದಾಕಿ ಈಕಿನ."